ಪಂಕ್ ಕಟಿಂಗ್ ಮತ್ತು ಹಂಗಳದತ್ತೆ

ನಮ್ಮ ಬಚ್ಚಲುಮನೆಯ ಬಿಳಿ ಪ್ಲಾಸ್ಟಿಕ್ ಮಗ್ಗಿನ ಒಂದು ಪಕ್ಕ ಹಸಿರಾಗಿದೆ. ಗಿಳಿ ಹಸಿರು ಎನ್ನಲಾಗದ, ಬಾಳೆಲೆ ಹಸಿರೂ ಎನ್ನಲಾಗದ ಒಂದು ಬಣ್ಣ. ನನ್ನ ಹೆಂಡತಿ ರತ್ನ ಅದನ್ನು ಸೋಪಿನ ಪುಡಿ ಹಾಕಿ ಉಜ್ಜಿದಳು, ಹುಣಿಸೇಹಣ್ಣು ಹಾಕಿ ಉಜ್ಜಿದಳು, ಕೊನೆಗೆ ಪಕ್ಕದ ಮನೆಯವರ ಹತ್ತಿರ ಸೀಮೆಎಣ್ಣೆ ಇದೆಯೇ ಎಂದು ಕೇಳಿ ಬಂದಳು. ಸೀಮೆಎಣ್ಣೆ ಈಗ ಯಾರ ಮನೆಯಲ್ಲೂ ಇಲ್ಲ. ಎಸೆದು ಹೊಸದು ತರೋಣ ಎಂದರೆ “ತೂತಾಗಿದೆಯಾ?” ಎಂದು ಕೇಳುತ್ತಾಳೆ. ತೂತಾಗಿಲ್ಲ. ಹಾಗಾಗಿ ದಿನಾ ಬೆಳಿಗ್ಗೆ ಆ ಮಗ್ಗಿನಲ್ಲಿ ತಲೆಗೆ ನೀರು ಸುರಿದುಕೊಳ್ಳುವಾಗ, ನಾನು ಆಗಬೇಕೆಂದುಕೊಂಡು ಆಗದೆ ಹೋದ ಒಂದು ಸಂಗತಿ ನೆನಪಾಗುತ್ತದೆ. ನಾನು ಪಂಕ್ ಆಗಬೇಕೆಂದುಕೊಂಡಿದ್ದೆ.

ನಗಬೇಡಿ. ನಾನು ಗುಂಡ್ಲುಪೇಟೆಯಲ್ಲಿ ಹೈಸ್ಕೂಲು ಓದುತ್ತಿದ್ದ ಕಾಲದಲ್ಲಿ ಪಂಕ್ ಎಂದರೆ ಒಂದು ಬಗೆಯ ಹಾಡು, ಒಂದು ಬಗೆಯ ಬದುಕು ಎಂಬುದೆಲ್ಲ ನಮಗೆ ಯಾರಿಗೂ ಗೊತ್ತಿರಲಿಲ್ಲ. ಪಂಕ್ ಎಂದರೆ ಕಟಿಂಗು. ಕಿವಿಯ ಹತ್ತಿರ ಗಿಡ್ಡ, ನೆತ್ತಿಯ ಮೇಲೆ ಎದ್ದು ನಿಲ್ಲುವಷ್ಟು, ಹಿಂದೆ ಕತ್ತಿನ ಕೆಳಗೆ ಇಳಿಯುವಷ್ಟು. ಬಸ್ ಸ್ಟ್ಯಾಂಡಿನ ಹಿಂದಿದ್ದ ಸಲೂನಿನ ಗೋಡೆಯ ಮೇಲೆ ಬಗೆಬಗೆಯ ತಲೆಗಳ ಒಂದು ಪಟ ಇತ್ತು. ತಲೆಗಳಿಗೆ ಮೈ ಇರಲಿಲ್ಲ, ಎಲ್ಲವೂ ಒಂದೇ ಕಡೆ ನೋಡುತ್ತಿದ್ದವು. ಕೆಳಗಿನ ಸಾಲಿನ ಕೊನೆಯ ತಲೆ ಪಂಕ್. ನನಗೆ ಆ ತಲೆ ಬೇಕಾಗಿತ್ತು. ಆದರೆ ನಮ್ಮಪ್ಪ ಸಲೂನಿನವರಿಗೆ ನನ್ನ ವಿಷಯದಲ್ಲಿ ಒಂದು ಕಾಯಂ ಆಜ್ಞೆ ಕೊಟ್ಟಿದ್ದರು. ಕೂದಲು ಬಾಚಣಿಗೆಗೆ ಸಿಗಬಾರದು. ಅದಕ್ಕೆ ಇಸ್ಕೂಲ್ ಕಟಿಂಗ್ ಎಂದು ಹೆಸರು.

ಒಂಬತ್ತನೇ ಕ್ಲಾಸಿನಲ್ಲಿ ಮೊದಲ ಬಾರಿಗೆ ನಾನೊಬ್ಬನೇ ಸಲೂನಿಗೆ ಹೋದೆ. ದಾರಿಯುದ್ದಕ್ಕೂ ಆ ಪದವನ್ನು ಬಾಯಲ್ಲಿ ಇಟ್ಟುಕೊಂಡೇ ಹೋಗಿದ್ದೆ. ಕುರ್ಚಿಯಲ್ಲಿ ಕೂತು, ಕತ್ತಿಗೆ ಬಟ್ಟೆ ಕಟ್ಟಿಸಿಕೊಂಡು, ಕನ್ನಡಿಯೊಳಗಿನ ಸಲೂನಿನವರಿಗೆ “ಪಂಕ್” ಎಂದೆ. ಅವರು ಕತ್ತರಿಯನ್ನು ಗಾಳಿಯಲ್ಲಿ ಎರಡು ಸಲ ಆಡಿಸಿ, “ನಿಮ್ಮಪ್ಪುನ್ನ ಕೇಳಿದ್ದೀಯಾ?” ಎಂದರು. ನಾನು ಕನ್ನಡಿ ನೋಡುತ್ತಾ ಕೂತೆ. “ಇಸ್ಕೂಲ್ ಕಟಿಂಗೇ ಒಡೀಲಾ?” ಎಂದರು. “ಊಂ” ಎಂದೆ.

ಅವರಿಗೆ ಏನನ್ನಿಸಿತೋ, ಎಲ್ಲ ಕತ್ತರಿಸಿ ಮುಗಿಸಿದ ಮೇಲೆ ಹಿಂದೆ ಕತ್ತಿನ ಮೇಲೆ ಒಂದು ಬೆರಳಗಲ ಕೂದಲು ಬಿಟ್ಟಿದ್ದರು. ಆ ಬೆರಳಗಲ ನನ್ನ ಆಸ್ತಿಯಾಯಿತು. ಮನೆಯಲ್ಲಿ ಅದನ್ನು ಶರ್ಟಿನ ಕಾಲರ್ ಒಳಗೆ ಸೇರಿಸಿಕೊಂಡಿರುತ್ತಿದ್ದೆ. ಬೀದಿಯ ತಿರುವು ದಾಟಿದ ಮೇಲೆ ಕಾಲರ್ ಹೊರಗೆ ತೆಗೆಯುತ್ತಿದ್ದೆ. ಹೀಗೆ ನಾನು ಬೀದಿಯ ತಿರುವಿನಿಂದ ಶಾಲೆಯ ಗೇಟಿನವರೆಗೆ, ಹಿಂದಿನಿಂದ ನೋಡಿದವರಿಗೆ ಮಾತ್ರ ಪಂಕ್ ಆಗಿದ್ದೆ. ಹಿಂದಿನಿಂದ ಯಾರೂ ನೋಡಿದಂತಿರಲಿಲ್ಲ. ಒಂದು ಶನಿವಾರ ಅಮ್ಮ ಎಣ್ಣೆ ತಿಕ್ಕುವಾಗ ಕೈಗೆ ಸಿಕ್ಕಿತು. “ಇದೇನ್ಲಾ, ಇಲ್ಲೊಂದಷ್ಟು ಅಂಗೇ ಬುಟ್ಬುಟ್ಟವ್ನೆ. ಮರ್ತ್ಬುಟ್ನಾ?” ಎಂದಳು. “ಊಂ” ಎಂದೆ. ಅಮ್ಮ ಎದ್ದು ಕತ್ತರಿ ತಂದು ಕಚಕ್ಕನೆ ಕತ್ತರಿಸಿ, ಒಲೆಗೆ ಹಾಕಿ, ಸೀಗೆಪುಡಿ ಕಲೆಸಲು ಕೂತಳು. ನನ್ನ ಪಂಕ್ ಜೀವನ ಸಲೂನಿನವರ ಮರೆವೆಂದು ದಾಖಲಾಗಿ ಮುಗಿಯಿತು.

ಈಗ ನನ್ನ ತಲೆಯಲ್ಲಿ ಯಾವ ಕಟಿಂಗಿಗೂ ಸಾಲುವಷ್ಟು ಸಾಮಗ್ರಿ ಇಲ್ಲ. ಚಾಮರಾಜನಗರದ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದೇನೆ. ಅಲ್ಲೂ ನನಗೆ ಒಳ್ಳೆಯ ಹೆಸರಿದೆ. ಯಾವುದಕ್ಕೂ ಇಲ್ಲ ಎನ್ನದ ಮನುಷ್ಯ ಎನ್ನುತ್ತಾರೆ.

ಇಂಥವನ ಮಗಳು ಒಂದು ಭಾನುವಾರ ಮಧ್ಯಾಹ್ನ ಬಚ್ಚಲುಮನೆಯಿಂದ ಹೊರಗೆ ಬಂದಳು. ಹೆಸರು ಸಹನಾ. ಹೆಸರಿಟ್ಟವನು ನಾನೇ. ಇಲ್ಲೇ ಕಾಲೇಜಿನಲ್ಲಿ ಡಿಗ್ರಿಯ ಕೊನೆಯ ವರ್ಷ ಓದುತ್ತಿದ್ದಾಳೆ. ತಲೆಯ ಎರಡೂ ಪಕ್ಕ ನುಣ್ಣಗೆ ಬೋಳಾಗಿತ್ತು. ನಡುವೆ ಹಣೆಯಿಂದ ಕತ್ತಿನವರೆಗೆ ಒಂದು ಪಟ್ಟಿ ಉಳಿದಿತ್ತು. ಆ ಪಟ್ಟಿ ಹಸಿರಾಗಿತ್ತು. ರತ್ನ ಅಲಸಂದೆಕಾಯಿ ಸುಲಿಯುತ್ತಿದ್ದಳು. ಮಗಳನ್ನು ನೋಡಿದಳು, ಕೈಯಲ್ಲಿದ್ದ ಕಾಯಿಯನ್ನು ನಿಧಾನವಾಗಿ ಸುಲಿದು ಕಾಳನ್ನು ಸಿಪ್ಪೆಯ ರಾಶಿಗೆ, ಸಿಪ್ಪೆಯನ್ನು ಕಾಳಿನ ಪಾತ್ರೆಗೆ ಹಾಕಿದಳು. ಆಮೇಲೆ “ಊಟಕ್ಕೆ ಬಾ” ಎಂದಳು.

“ಯಾಕಮ್ಮ?” ಎಂದು ಕೇಳಿದೆ.

“ಪಂಕ್ ಅಪ್ಪ.”

ತಂದೆಯಾದವನು ಆಗ ಏನೇನೋ ಕೇಳಬೇಕಿತ್ತು. ನನ್ನ ಬಾಯಿಂದ ಬಂದದ್ದು “ಯಾವ ಸಲೂನು?” ಎಂಬ ಪ್ರಶ್ನೆ.

ಸಲೂನಲ್ಲ. ಅವಳ ಗೆಳತಿ ಶಾಜಿಯಾ ಕತ್ತರಿಸಿದ್ದಳು. ಶಾಜಿಯಾಳ ತಂದೆ ಪೇಟೆಯಲ್ಲಿ ಟೈಲರ್. ಹುಡುಗಿ ಅಣ್ಣನ ಗಡ್ಡದ ಟ್ರಿಮ್ಮರ್ ತೆಗೆದುಕೊಂಡು, ಅಪ್ಪನ ಟೇಪು ಹಿಡಿದು ಅಳತೆ ಮಾಡಿ, ಬಟ್ಟೆಗೆ ಗೆರೆ ಎಳೆಯುವ ಸುಣ್ಣದ ಬಿಲ್ಲೆಯಿಂದ ತಲೆಯ ಮೇಲೆ ಎರಡು ಗೆರೆ ಎಳೆದು, ಆಮೇಲೆ ಬೋಳಿಸಿದ್ದಾಳೆ. “ಎರಡೂ ಪಕ್ಕ ಕರೆಕ್ಟಾಗಿ ಸಮ ಬಂದಿದೆ ನೋಡಪ್ಪ” ಎಂದು ಸಹನಾ ತಿರುಗಿ ನಿಂತು ತೋರಿಸಿದಳು. ನೋಡಿದೆ. ಸಮ ಬಂದಿತ್ತು.

ಈ ಇಬ್ಬರು ಹುಡುಗಿಯರು ಸೇರಿ ಒಂದು ಬ್ಯಾಂಡ್ ಮಾಡಿಕೊಂಡಿದ್ದಾರೆಂಬುದು ನನಗೆ ಅಂದೇ ಗೊತ್ತಾದದ್ದು. ಸಾಯಂಕಾಲ ಕರೆದುಕೊಂಡು ಹೋಗಿ ತೋರಿಸಿದಳು. ಟೈಲರ್ ಅಂಗಡಿಯ ಮಹಡಿಯಲ್ಲಿ ಕತ್ತರಿಸಿ ಉಳಿದ ಬಟ್ಟೆಯ ಚೂರುಗಳ ಮೂಟೆಗಳು. ಒಂದು ಮೂಟೆಯ ಮೇಲೆ ಕೂತು ಸಹನಾ ಗಿಟಾರ್ ಹಿಡಿದಳು. ಶಾಜಿಯಾ ಬಣ್ಣದ ಡಬ್ಬಗಳನ್ನು ಬೋರಲು ಹಾಕಿಕೊಂಡು ಎರಡು ಕೋಲು ಹಿಡಿದಳು. ಹಾಡು, ಬೇಗೂರಿನಲ್ಲಿ ಕೈ ಅಡ್ಡ ಹಿಡಿದರೂ ನಿಲ್ಲದೆ ಹೋಗುವ ಬಸ್ಸುಗಳ ಬಗ್ಗೆ. “ಈಗ ನಾವು ಹಾಡ್ತಾ ಇರೋದು ನಿಲ್ಲದ ಬಸ್ಸು ಅಂತ” ಎಂದು ಹೇಳುವುದಕ್ಕೆ ಹಿಡಿದ ಹೊತ್ತು ಹಾಡಿಗೆ ಹಿಡಿಯಲಿಲ್ಲ. ಶಬ್ದ ಬಹಳ ಬಂತು. ಕೆಳಗಿನಿಂದ ಟೈಲರ್ ಮೆಟ್ಟಿಲ ಮೇಲೆ ತಲೆ ಹಾಕಿ, “ಸಾಬ್, ಹಾಡು ಮುಗೀತಾ, ಇನ್ನೂ ಶುರು ಆಗ್ಬೇಕಾ? ಗಿರಾಕಿ ಕೇಳ್ತಾವ್ರೆ” ಎಂದರು.

“ನೀನ್ಯಾಕಮ್ಮ ಕಟ್ ಮಾಡ್ಕೊಳ್ಳಲಿಲ್ಲ?” ಎಂದು ಶಾಜಿಯಾಳನ್ನು ಕೇಳಿದೆ. ಅವಳಿಗೆ ಸೊಂಟದವರೆಗೆ ಜಡೆ ಇದೆ.

“ನಂಗೆ ಉದ್ದ ಕೂದ್ಲೇ ಇಷ್ಟ ಅಂಕಲ್. ಅವ್ಳು ಮಾಡ್ಕೊಂಡ್ಲು ಅಂತ ನಾನೂ ಮಾಡ್ಕೊಂಡ್ರೆ ಅದು ಯೂನಿಫಾರಂ.”

ಹಾಗಾದರೆ ಪಂಕ್ ಎಂದರೆ ಏನು ಎಂದು ಮಗಳನ್ನು ಕೇಳಿದೆ. ಅವಳು ಗಿಟಾರ್ ಕೆಳಗಿಟ್ಟು ಯೋಚಿಸಿದಳು. “ಬರುತ್ತೋ ಬರಲ್ವೋ ಅಂತ ಯಾರನ್ನೂ ಕೇಳ್ದೆ ಮಾಡೋದು. ಮಾಡಿದ್ಮೇಲೆ, ನಾನೇ ಮಾಡಿದ್ದು ಅಂತ ಹೇಳೋದು” ಎಂದಳು. ನಾನು “ಊಂ” ಎಂದೆ. ಮೊದಲನೇ ಅರ್ಧ ಅರ್ಥವಾಗಿತ್ತು.

ಇಷ್ಟರಲ್ಲೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಕೂದಲು ಬೆಳೆಯುತ್ತದೆ, ಬಣ್ಣ ಇಳಿಯುತ್ತದೆ, ಮಗ್ಗು ಒಂದು ದಿನ ತೂತಾಗುತ್ತದೆ. ಆದರೆ ಮುಂದಿನ ವಾರ ಗುಂಡ್ಲುಪೇಟೆಯಲ್ಲಿ ನನ್ನ ಅಣ್ಣನ ಮಗ ಪ್ರದೀಪನ ಮದುವೆ ಇತ್ತು. ಪ್ರದೀಪನಿಗೆ ಒಡಹುಟ್ಟಿದ ತಂಗಿ ಇಲ್ಲ. ಇರುವ ತಂಗಿ ಎಂದರೆ ಇವಳೊಬ್ಬಳೇ. ಆದ್ದರಿಂದ ಇವಳೇ ಕಳಸಗಿತ್ತಿ.

ನಮ್ಮ ಕಡೆ ಮದುವೆಯಲ್ಲಿ ಕಳಸಗಿತ್ತಿ ಎಂದರೆ ಸಣ್ಣ ಪದವಿಯಲ್ಲ. ವೀಳ್ಯದೆಲೆ, ತೆಂಗಿನಕಾಯಿ ಇಟ್ಟ ಕಳಸವನ್ನು ಎರಡೂ ಕೈಯಲ್ಲಿ ಹಿಡಿದು, ಧಾರೆ ಮುಗಿಯುವ ತನಕ ಮದುಮಕ್ಕಳ ಪಕ್ಕದಲ್ಲೇ ನಿಲ್ಲಬೇಕು. ಮದುವೆಯ ಪ್ರತಿಯೊಂದು ಫೋಟೋದಲ್ಲೂ ಇರುತ್ತಾಳೆ. ಸಹನಾ ಮೂರನೇ ಕ್ಲಾಸಿನಲ್ಲಿದ್ದಾಗಲೇ ಈ ಕೆಲಸಕ್ಕೆ ತಯಾರಾಗಿದ್ದಳು. ಅಣ್ಣನ ಮನೆಯ ನಡುಮನೆಯಲ್ಲಿ ಚೊಂಬಿನ ಮೇಲೆ ತೆಂಗಿನಕಾಯಿ ಇಟ್ಟುಕೊಂಡು, ಪ್ರದೀಪನ ಹಿಂದೆ ಹಿಂದೆ ಓಡಾಡುತ್ತಿದ್ದಳು. ಅವನು ಗೋಲಿ ಆಡಲು ಹೋದರೆ ಅಲ್ಲಿಗೂ ಚೊಂಬು ಹಿಡಿದುಕೊಂಡು ಹೋಗುತ್ತಿದ್ದಳು. ಅವಳಿಗೆ ಸೈಕಲ್ ಕಲಿಸಿದವನು ಅವನು, ಬಿದ್ದಾಗ ಮನೆಯಲ್ಲಿ ಹೇಳದೆ ಇದ್ದವನೂ ಅವನೇ. “ಪ್ರದೀಪಣ್ಣನ ಮದ್ವೇಲಿ ಕಳಸ ನಂದು” ಎಂಬುದು ನಮ್ಮ ಮನೆಯಲ್ಲಿ ಎಷ್ಟೋ ವರ್ಷದಿಂದ ಇತ್ಯರ್ಥವಾದ ವಿಷಯವಾಗಿತ್ತು.

ಸುದ್ದಿ ತಿಳಿದು ಅಣ್ಣ, ಅತ್ತಿಗೆ ಚಾಮರಾಜನಗರಕ್ಕೆ ಬಂದರು. ಅತ್ತಿಗೆ ಸಹನಾಳನ್ನು ಬೆಳಕಿನಲ್ಲಿ ನಿಲ್ಲಿಸಿ ಸುತ್ತ ಒಂದು ಪ್ರದಕ್ಷಿಣೆ ಹಾಕಿ ನೋಡಿದರು. ಬೈಯಲಿಲ್ಲ. ಅತ್ತಿಗೆ ಕೆಲಸ ಕೆಟ್ಟಾಗ ಬೈಯುವವರಲ್ಲ, ರಿಪೇರಿ ನೋಡುವವರು. ಚೌರಿ ಹಾಕಿದರೆ ಹೇಗೆ ಎಂದರು. ಚೌರಿ ಕಟ್ಟುವುದು ಯಾವುದಕ್ಕೆ ಎಂದಳು ರತ್ನ. ಸೆರಗು ಹೊದೆಸಿದರೆ? ಕಳಸ ಹಿಡಿದ ಮೇಲೆ ಸೆರಗು ಹಿಡಿಯುವವರು ಯಾರು? ಹೀಗೆ ಒಂದಷ್ಟು ಹೊತ್ತು ನಡೆದ ಮೇಲೆ ಅತ್ತಿಗೆಯ ಮುಖ ಅರಳಿತು.

“ಮಧ್ಯದಲ್ಲಿರದ್ನೂ ತೆಗ್ಸ್ಬುಡನ. ಮಾದಪ್ಪನ್ ಬೆಟ್ಟಕ್ಕೆ ಓಗಿ ಮುಡಿ ಕೊಟ್ಟು ಬಂದವ್ಳೆ ಅಂದ್ಬುಡನ. ಅರಕೆ ಅಂದ್ರೆ ಯಾರ್ ಕೇಳರು?”

ನನಗೂ ಇದು ಬಹಳ ಜಾಣ ಉಪಾಯ ಎನ್ನಿಸಿತು. ನಮ್ಮ ಕಡೆ ಹೆಂಗಸರು ಬೆಟ್ಟದ ದೇವರು ಮಾದಪ್ಪನಿಗೆ ಮುಡಿ ಕೊಡುವುದು ಹೊಸದಲ್ಲ. ತಲೆ ಬೋಳಿಸಿಕೊಂಡ ಹೆಂಗಸು ಬಸ್ಸು ಹತ್ತಿದರೆ ಎದ್ದು ಸೀಟು ಬಿಡುತ್ತಾರೆ. ಪೂರ್ತಿ ಬೋಳಿಸಿಕೊಂಡರೆ ಭಕ್ತಿ, ಅರ್ಧ ಬೋಳಿಸಿಕೊಂಡರೆ ಮಾತ್ರ ತಲೆಕೆಟ್ಟಿದೆ ಎಂದರ್ಥ.

“ಹಂಗಳದತ್ತೆಯ ನೋಡು” ಎಂದರು ಅತ್ತಿಗೆ.

ಹಂಗಳದತ್ತೆ ನಮ್ಮಪ್ಪನ ಅಕ್ಕ. ಹೆಸರು ಮಾದಮ್ಮ, ಹಂಗಳ ಎಂಬ ಊರಿಗೆ ಕೊಟ್ಟಿದ್ದರಿಂದ ಹಂಗಳದತ್ತೆ. ನಾನು ಕಂಡಾಗಿನಿಂದ ಅತ್ತೆಯ ತಲೆಯಲ್ಲಿ ಕೂದಲು ಕಿವಿ ದಾಟಿದ್ದಿಲ್ಲ. ಕಿವಿ ಮುಟ್ಟುವ ಹೊತ್ತಿಗೆ ಬೆಟ್ಟಕ್ಕೆ ಹೋಗಿ ಕೊಟ್ಟು ಬರುತ್ತಾಳೆ. ಹುಡುಗರಾಗಿದ್ದಾಗ ನಮಗೆಲ್ಲ ಅತ್ತೆಯ ತಲೆ ಸವರುವುದೆಂದರೆ ಆಸೆ. ಅವಳು ಹೊಲದ ಬದುವಿನಲ್ಲಿ ಕೂತು ತಲೆ ಬಗ್ಗಿಸಿ, “ಒಬ್ಬೊಬ್ರಾಗಿ ಬನ್ರಲಾ” ಎನ್ನುತ್ತಿದ್ದಳು. ಅವಳ ಹರಕೆ ಯಾವುದೆಂದು ಯಾರಿಗೂ ಗೊತ್ತಿರಲಿಲ್ಲ, ಆದರೆ ಎಲ್ಲರ ಹತ್ತಿರವೂ ಒಂದೊಂದು ಉತ್ತರ ಇತ್ತು. ಮಾವನಿಗೆ ಹಾವು ಕಚ್ಚಿ ಬದುಕಿದ್ದಕ್ಕೆ ಎನ್ನುವವರಿದ್ದರು. ಹೊಲಕ್ಕೆ ಆನೆ ಬಾರದಿರಲಿ ಅಂತ ಎನ್ನುವವರಿದ್ದರು. ಆನೆ ಬರುತ್ತಲೇ ಇತ್ತು, ಹರಕೆಯ ಮೇಲಿನ ನಂಬಿಕೆ ಕಡಿಮೆಯಾಗಲಿಲ್ಲ. ನಮ್ಮ ನೆಂಟರಲ್ಲಿ ಮಗು ಹುಟ್ಟಿದರೆ ಮೊದಲು ಅತ್ತೆಯ ಮಡಿಲಲ್ಲಿ ಮಲಗಿಸಬೇಕು, ಮದುವೆಯಾದರೆ ಅತ್ತೆಯ ಕಾಲಿಗೆ ಬೀಳಬೇಕು. ಅತ್ತೆ ಬೇಡ ಎಂದೂ ಹೇಳುತ್ತಿರಲಿಲ್ಲ, ಬೇಕು ಎಂದೂ ಹೇಳುತ್ತಿರಲಿಲ್ಲ.

ಸಹನಾ ಎಲ್ಲವನ್ನೂ ಕೇಳಿಸಿಕೊಂಡು, “ದೊಡ್ಡಮ್ಮ, ಬೋಳಿಸ್ಕೋ ಅಂದ್ರೆ ಬೋಳಿಸ್ಕೋತೀನಿ. ಹರಕೆ ಅಂತ ಹೇಳಲ್ಲ” ಎಂದಳು.

“ನೀನು ಹೇಳ್ಬೇಡ ಕಣಮ್ಮಿ, ನಾನ್ ಹೇಳ್ತೀನಿ. ನೀನು ಬರೀ ಊಂ ಅನ್ನು.”

“ಅನ್ನಲ್ಲ.”

“ಅಂಗಾರೆ ಕಳಸ?”

ಸಹನಾ ನೆಲ ನೋಡಿದಳು. “ಬೇರೆಯವ್ರಿಗೆ ಕೊಡಿ” ಎಂದಳು.

ಅತ್ತಿಗೆಯ ಕಣ್ಣಲ್ಲಿ ನೀರು ಬಂತು. ಸೆರಗಿನಿಂದ ಒರೆಸಿಕೊಂಡು, ಕುದೇರಿನಲ್ಲಿ ದೂರದ ಸಂಬಂಧದ ಒಬ್ಬಳು ಹುಡುಗಿ ಇದ್ದಾಳೆ, ಅವಳಿಗೆ ಹೇಳುತ್ತೇನೆ ಎಂದು ಎದ್ದರು. ಅವರು ಹೋದ ಮೇಲೆ ಸಹನಾ ಬಚ್ಚಲುಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡಳು. ಬಕೆಟ್ಟು ತುಂಬಿ ಹರಿಯುವ ಸದ್ದು ಬಹಳ ಹೊತ್ತು ಕೇಳುತ್ತಿತ್ತು. ನೀರು ದಂಡ ಎಂದು ಹೇಳಲು ನಾನಾಗಲಿ ರತ್ನ ಆಗಲಿ ಹೋಗಲಿಲ್ಲ. ಹುಡುಗಿ ಅಷ್ಟು ವರ್ಷ ಆಸೆಪಟ್ಟದ್ದು ಒಂದು ಊಂ ಹೇಳಿದರೆ ಸಿಗುತ್ತಿತ್ತು. ನಾನಾಗಿದ್ದರೆ ಕೇಳುವ ಮೊದಲೇ ಹೇಳಿರುತ್ತಿದ್ದೆ.

ಹಂಗಳಕ್ಕೆ ಮದುವೆ ಕರೆಯಲು ಹೋಗುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಸಹನಾಳನ್ನೂ ಬೈಕಿನಲ್ಲಿ ಕೂರಿಸಿಕೊಂಡು ಹೊರಟೆ. ಹರಕೆಯ ವಿಷಯದಲ್ಲಿ ಅತ್ತೆಗಿಂತ ದೊಡ್ಡವರಿಲ್ಲ, ಅವಳೇ ಒಂದು ಮಾತು ಹೇಳಿದರೆ ಇವಳು ಒಪ್ಪಬಹುದು ಎಂಬುದು ನನ್ನ ಲೆಕ್ಕ. ಶ್ರಾವಣದ ದಿನಗಳು. ಗುಂಡ್ಲುಪೇಟೆ ದಾಟಿದ ಮೇಲೆ ರಸ್ತೆಯ ಎರಡೂ ಕಡೆ ಚೆಂಡುಹೂವಿನ ಹೊಲಗಳು, ಅವುಗಳ ಮುಂದೆ ಕೇರಳದ ಕಾರುಗಳು. ಒಂದು ಕಡೆ ನೀರು ಕುಡಿಯಲು ನಿಲ್ಲಿಸಿದೆವು. ಹೂವಿನ ನಡುವೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದ ಒಂದು ಮಲಯಾಳಿ ಸಂಸಾರ ನಮ್ಮ ಕಡೆ ತಿರುಗಿತು. ಆಮೇಲೆ ಅವರು ಹೂವು ಬಿಟ್ಟು ಸಹನಾಳ ಜೊತೆ ಫೋಟೋ ತೆಗೆಸಿಕೊಂಡರು. ಹಳದಿಯ ನಡುವೆ ಹಸಿರು ಚೆನ್ನಾಗಿ ಬಂದಿರಬೇಕು. ಅವರಲ್ಲಿ ಒಬ್ಬ ಅಜ್ಜಿ ನನ್ನನ್ನೂ ಕರೆದರು. ನಾನು ಹೆಲ್ಮೆಟ್ ತೆಗೆಯದೆ ನಿಂತೆ.

ಅತ್ತೆ ಜಗುಲಿಯ ಮೇಲೆ ಹುರುಳಿ ಕೇರುತ್ತಿದ್ದಳು. ಮಾವ ಪಕ್ಕದಲ್ಲಿ ಹಗ್ಗ ಹೊಸೆಯುತ್ತಿದ್ದರು. ಅತ್ತೆ ಸಹನಾಳನ್ನು ಕಂಡು ಮೊರ ಕೆಳಗಿಟ್ಟು, “ಬಾ ಕೂಸೆ” ಎಂದು ಹತ್ತಿರ ಕೂರಿಸಿಕೊಂಡು, ಬೋಳಾದ ಎರಡೂ ಪಕ್ಕವನ್ನು ಅಂಗೈಯಲ್ಲಿ ಸವರಿದಳು.

“ತಂಪಾಯ್ತದ ಅಲ್ವಾ?”

“ಹೂಂ ಅಜ್ಜಿ. ಗಾಳಿ ಬಂದ್ರೆ ಗೊತ್ತಾಗುತ್ತೆ.”

“ಮಧ್ಯದ್ನ ಯಾಕ್ ಬುಟ್ಟೆ?”

“ಅದು ಇರಲಿ ಅನ್ನಿಸ್ತು.”

“ಇರ್ಲಿ ಬುಡು” ಎಂದಳು ಅತ್ತೆ.

ನಾನು ಇದ್ದ ವಿಷಯ ಹೇಳಿದೆ. ಕಳಸ ಕೈತಪ್ಪುತ್ತಿದೆ, ನಿನ್ನ ಹಾಗೆ ಹರಕೆ ಎಂದುಬಿಟ್ಟರೆ ಎಲ್ಲ ಸರಿಹೋಗುತ್ತದೆ, ನೀನೊಂದು ಮಾತು ಹೇಳು ಎಂದೆ. ಅತ್ತೆ ಮಾವನ ಕಡೆ ನೋಡಿದಳು. ಮಾವ ಹಗ್ಗದ ಕಡೆ ನೋಡಿದರು.

“ಅರಕೆ ಅಂದ್ಬುಡು ಕೂಸೆ. ಏನ್ ಓಯ್ತದ?” ಎಂದು ಅತ್ತೆ ಸಹನಾಳನ್ನು ಕೇಳಿದಳು. ಅವಳ ಮಾತಿನಲ್ಲಿ ಒತ್ತಾಯ ಇರಲಿಲ್ಲ. ನಿಜವಾಗಿ ತಿಳಿಯಬೇಕೆಂದು ಕೇಳಿದ ಹಾಗಿತ್ತು.

“ನನಗೆ ಬೇಕು ಅನ್ನಿಸ್ತು, ಮಾಡ್ಕೊಂಡೆ ಅಜ್ಜಿ. ದೇವರ ಮೇಲೆ ಯಾಕೆ ಹಾಕ್ಲಿ?”

ಅತ್ತೆ ಮೊರ ಬದಿಗೆ ಸರಿಸಿದಳು. ಆಮೇಲೆ ಎದ್ದು ಒಳಗಿನಿಂದ ಹರಳೆಣ್ಣೆ ತಂದು, ಬಿಸಿಲಿಗೆ ಉರಿಯುತ್ತದೆ ಎಂದು ಸಹನಾಳ ತಲೆಯ ಎರಡೂ ಪಕ್ಕಕ್ಕೆ ತಿಕ್ಕಿದಳು. ಮದುವೆಗೆ ಬರುತ್ತೇನೆ ಎಂದಷ್ಟೇ ಹೇಳಿದಳು. ನಾನು ಬಂದ ಕೆಲಸ ಆಗದೆ, ಎಣ್ಣೆ ತಲೆಯ ಮಗಳನ್ನು ಹಿಂದೆ ಕೂರಿಸಿಕೊಂಡು ವಾಪಸು ಬಂದೆ.

ಮದುವೆಯ ಬೆಳಿಗ್ಗೆ ಛತ್ರದ ಹೆಂಗಸರ ಕೋಣೆಗೆ ಹೂವಿನ ಬುಟ್ಟಿ ಕೊಡಲು ಹೋದೆ. ಕುದೇರಿನ ಹುಡುಗಿ ಎರಡು ಜಡೆ ಹಾಕಿಕೊಂಡು, ಜಡೆಯ ತುಂಬ ಮಲ್ಲಿಗೆ ಮುಡಿದು, ಕಳಸ ಹಿಡಿದು ತಯಾರಾಗಿ ನಿಂತಿದ್ದಳು. ಕಿಟಕಿಯ ಹತ್ತಿರ ಸಹನಾ ರೇಷ್ಮೆ ಸೀರೆ ಉಟ್ಟು ಕೂತಿದ್ದಳು. ಕಳಸ ಇಲ್ಲದಿದ್ದರೂ ಕಳಸಗಿತ್ತಿಗೆಂದು ತಂದಿದ್ದ ಸೀರೆಯನ್ನೇ ಉಟ್ಟಿದ್ದಳು. ಜಮಖಾನದ ಮಧ್ಯೆ ಹಂಗಳದತ್ತೆ. ಅವಳ ಮಡಿಲಲ್ಲಿ ಯಾರದೋ ಹೊಸ ಮಗು ಮಲಗಿತ್ತು.

ಅತ್ತಿಗೆ ನನ್ನ ಕೈಯಿಂದ ಬುಟ್ಟಿ ತೆಗೆದುಕೊಂಡರು. ಸಹನಾಳನ್ನು ನೋಡಿ ಅವರಿಗೆ ತಡೆಯಲಾಗಲಿಲ್ಲ. “ಒಂದ್ ಸಲ ಅರಕೆ ಅಂದಿದ್ರೆ ಇವತ್ತು ನೀನ್ ನಿಂತ್ಕಂಡಿರ್ತಿದ್ದೆ. ಹಂಗಳದತ್ತೆ ಇಷ್ಟು ವರ್ಷ ಅರಕೆ ನಡ್ಸ್ಕಂಡು ಬಂದಿಲ್ವಾ?” ಎಂದರು.

“ನಾನ್ ಯಾವ ಅರಕೆ ಒತ್ಕಂಡಿದ್ದೆ?” ಎಂದಳು ಹಂಗಳದತ್ತೆ.

ಅತ್ತಿಗೆ ನಕ್ಕರು. ಅತ್ತೆ ನಗಲಿಲ್ಲ.

“ಯಾವ್ದೂ ಇರ್ನಿಲ್ಲ ಕಣವ್ವ. ಮೊಣಕಾಲ್ಗಂಟ ಕೂದ್ಲಿತ್ತು. ತೊಳ್ಯಕೂ ಆಗ್ದು, ಒಣಗ್ಸಕೂ ಆಗ್ದು. ಕಳೆ ಕೀಳಕೆ ಬಗ್ಗುದ್ರೆ ಕತ್ತು ಎಳೀತಿತ್ತು. ಬೆಟ್ಟದಲ್ಲಿ ಗಂಡುಸ್ರೆಲ್ಲ ಸಾಲಾಗಿ ಕೂತ್ಕಂಡು ಬೋಳಿಸ್ಕಂಡು, ತಲೆ ಮೇಲೆ ನೀರ್ ಉಯ್ಕಂಡು, ಆಯಾಗಿ ಎದ್ ಓಯ್ತಿದ್ರು. ನಂಗೂ ಬೇಕು ಅನ್ನುಸ್ತು. ಕೂತ್ಕಂಡೆ. ಮನೆಗೆ ಬಂದ್ರೆ ನಮ್ಮತ್ತೆ ಬಾಗ್ಲಲ್ಲೇ ನಿಲ್ಸ್ಕಂಡು ಅರಕೆಯಾ ಅಂದ್ಲು. ಊಂ ಅಂದೆ.”

ಅತ್ತೆ ಮಡಿಲಿನ ಮಗುವಿನ ತಲೆ ಸವರಿದಳು.

“ಅಷ್ಟೇ. ಆ ಒಂದು ಊಂ ಅಂದುದ್ಕೆ ಇಷ್ಟು ವರ್ಷ ಎಲ್ರೂ ಕಾಲಿಗ್ ಬಿದ್ರಿ. ಅಲ್ಲ ಅನ್ನಕೆ ನಂಗ್ ಬಾಯ್ ಬರ್ನಿಲ್ಲ. ಈ ಕೂಸು ಊಂ ಅನ್ನನಿಲ್ಲ.”

ಮಗುವಿನ ತಾಯಿ ಮೆಲ್ಲಗೆ ಬಗ್ಗಿ ಅತ್ತೆಯ ಮಡಿಲಿನಿಂದ ಮಗುವನ್ನು ಎತ್ತಿಕೊಂಡಳು. ಅತ್ತೆ ಖಾಲಿ ಮಡಿಲನ್ನು ಒಂದು ಸಲ ನೋಡಿಕೊಂಡು ಸೆರಗು ಸರಿಮಾಡಿಕೊಂಡಳು. ಅವಳು ಈ ವಯಸ್ಸಿನಲ್ಲಿ ಏನನ್ನು ಕೈಬಿಟ್ಟಳು ಎಂದು ನನಗೆ ಆಗ ತಿಳಿಯಿತು. ಬಾಗಿಲ ಬಳಿ ಎಲೆಅಡಿಕೆ ಕೇಳಲು ಬಂದ ಮಾವ ನಿಂತಿದ್ದರು.

“ನಂಗೊತ್ತಿತ್ತು” ಎಂದರು ಮಾವ.

“ಏನು?” ಎಂದಳು ಅತ್ತೆ.

“ಅರಕೆ ಇಲ್ಲ ಅಂತ.”

“ಮತ್ತೆ ಒಂದಿನಾನೂ ಹೇಳ್ನಿಲ್ಲ.”

“ನೀನ್ ಊಂ ಅಂದ್ಬುಟ್ಟಿದ್ದಲ್ಲ” ಎಂದು ಮಾವ ಎಲೆಅಡಿಕೆ ತೆಗೆದುಕೊಂಡು ಹೋದರು.

ಅತ್ತಿಗೆ ಹೂವಿನ ಬುಟ್ಟಿ ಹಿಡಿದು ನಿಂತೇ ಇದ್ದರು. “ಅತ್ತೆ, ನಮ್ ಪ್ರದೀಪುನ್ನೂ ಹುಟ್ಟಿದಾಗ ನಿನ್ ಮಡ್ಲಲ್ಲೇ ತಂದ್ ಮಲಗ್ಸಿದ್ದೆ” ಎಂದರು. ಮೋಸಹೋದವರ ಧ್ವನಿ.

“ಮಲಗ್ಸಿದ್ದೆ. ಚೆನ್ನಾಗೇ ಬೆಳ್ದವ್ನಲ್ಲ” ಎಂದಳು ಅತ್ತೆ.

ಚೆನ್ನಾಗಿಯೇ ಬೆಳೆದಿದ್ದ. ಮಂಟಪದಿಂದ ಪುರೋಹಿತರು ಕಳಸ ತನ್ನಿ ಎಂದು ಮೈಕಿನಲ್ಲಿ ಕೂಗಿದರು. ಅತ್ತಿಗೆ ಕುದೇರಿನ ಹುಡುಗಿಯನ್ನು ನೋಡಿದರು, ಕಿಟಕಿಯ ಕಡೆ ನೋಡಿದರು. ಆಮೇಲೆ ಬುಟ್ಟಿಯಿಂದ ಒಂದು ಮಾರು ಮಲ್ಲಿಗೆ ತೆಗೆದು ಹಲ್ಲಿನಲ್ಲಿ ದಾರ ಕಡಿದು, ಸಹನಾಳ ತಲೆಯ ಮುಂದೆ ಹಿಡಿದುಕೊಂಡು ನಿಂತರು.

“ಇವ್ಳಿಗೆ ಹೂವ ಎಲ್ಲಿಗ್ ಮುಡಿಸನ?” ಎಂದರು.

ಹಂಗಳದತ್ತೆಯ ಬಳೆಯಲ್ಲಿ ಯಾವಾಗಲೂ ಒಂದು ಗೊಂಚಲು ಪಿನ್ನು ನೇತಾಡುತ್ತಿರುತ್ತದೆ. ಕಿತ್ತ ಚಪ್ಪಲಿಗೆ, ಬಿಚ್ಚಿದ ರವಿಕೆಗೆ, ಮುಳ್ಳು ತೆಗೆಯುವುದಕ್ಕೆ, ಎಲ್ಲಕ್ಕೂ ಅದೇ. ಅದರಲ್ಲಿ ದೊಡ್ಡದೊಂದನ್ನು ಬಿಚ್ಚಿ, ಮಲ್ಲಿಗೆಯನ್ನು ಆ ಹಸಿರು ಪಟ್ಟಿಯ ಬುಡಕ್ಕೆ ಸುತ್ತಿ, ಪಿನ್ನು ಚುಚ್ಚಿ ನಿಲ್ಲಿಸಿದಳು. ಪಿನ್ನು ಹೊರಗೆ ಕಾಣುತ್ತಿತ್ತು. ಸಹನಾ ಅದನ್ನು ಮುಟ್ಟಿ ನೋಡಿಕೊಂಡು, “ಕಾಣ್ಲಿ ಅಜ್ಜಿ” ಎಂದಳು. ಕುದೇರಿನ ಹುಡುಗಿ ಕಳಸವನ್ನು ಅವಳ ಕೈಗಿಟ್ಟು, “ಭಾರ ಕಣಕ್ಕ, ಉಷಾರು” ಎಂದು ಕೈ ಕೊಡವಿಕೊಂಡಳು.

ನಾನು ಛತ್ರದಲ್ಲಿ ನಡುವಿನ ಸಾಲಿನ ಒಂದು ಕುರ್ಚಿಯಲ್ಲಿ ಹೋಗಿ ಕೂತೆ. ಸಹನಾ ಕಳಸ ಹಿಡಿದು ಮಂಟಪ ಹತ್ತಿದಾಗ ಛತ್ರದಲ್ಲಿ ಗಾಳಿ ಬೀಸಿದ ಹಾಗೆ ಒಂದು ಗುಸುಗುಸು ಈ ತುದಿಯಿಂದ ಆ ತುದಿಗೆ ಹೋಯಿತು. ಪ್ರದೀಪ ತಲೆ ಎತ್ತಿ ನೋಡಿದ. ಬಾಸಿಂಗದ ಕೆಳಗೆ ಅವನ ಹಲ್ಲು ಕಂಡಿತು. ಸಹನಾ ನೆಟ್ಟಗೆ ನಿಂತಿದ್ದಳು. ಮೂರನೇ ಕ್ಲಾಸಿನಲ್ಲಿ ಚೊಂಬು ಹಿಡಿದಾಗಲೂ ಹೀಗೇ ನಿಲ್ಲುತ್ತಿದ್ದಳು.

ನನ್ನ ಪಕ್ಕದಲ್ಲಿ ಹೆಣ್ಣಿನ ಕಡೆಯ ಒಬ್ಬ ಯಜಮಾನರು ಕೂತಿದ್ದರು, ಬೇಗೂರಿನವರು. ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು ನನ್ನ ಕಡೆ ವಾಲಿದರು.

“ಆ ಕಳಸ ಇಡ್ದಿರದು ನಿಮ್ ಮಗ್ಳಾ?”

“ಊಂ.”

ಅವರು ಮಂಟಪದ ಕಡೆ ಇನ್ನೊಂದು ಸಲ ನೋಡಿದರು. ಒಳ್ಳೆಯ ಮನುಷ್ಯ. ನನ್ನ ಕಷ್ಟ ಅರ್ಥಮಾಡಿಕೊಂಡು, ದಾರಿ ಬಿಟ್ಟುಕೊಡುವವರ ಹಾಗೆ ಮೆಲ್ಲಗೆ ಕೇಳಿದರು.

“ಅರಕೆಯಾ?”

ಊಂ ಎಂಬುದು ನನ್ನ ಗಂಟಲಿನಲ್ಲಿ ತಯಾರಾಗಿಯೇ ಇತ್ತು. ಅದು ಅಲ್ಲಿ ಯಾವಾಗಲೂ ತಯಾರಾಗಿಯೇ ಇರುತ್ತದೆ. ಬಾಯಿ ತೆರೆದರೆ ಸಾಕು, ನನ್ನ ಸಹಾಯವಿಲ್ಲದೆ ಹೊರಗೆ ಬರುತ್ತದೆ.

“ಅಲ್ಲ” ಎಂದೆ. ಬೇಕಾದ್ದಕ್ಕಿಂತ ಜೋರಾಯಿತೋ ಏನೋ, ಮುಂದಿನ ಸಾಲಿನವರು ತಿರುಗಿ ನೋಡಿದರು. “ಅರಕೆ ಗಿರಕೆ ಏನೂ ಇಲ್ಲ. ಅವ್ಳಿಗೆ ಬೇಕು ಅನ್ನುಸ್ತು, ಮಾಡ್ಕಂಡ್ಲು.”

ಯಜಮಾನರು ಕಣ್ಣು ಕಿರಿದು ಮಾಡಿ ಮಂಟಪದ ಕಡೆ ನೋಡಿದರು.

“ಎರ್ಡೂ ಪಕ್ಕ ಸಮ್ವಾಗಿ ಬಂದದ” ಎಂದರು.

ಗಟ್ಟಿಮೇಳ ಶುರುವಾಯಿತು. ನನ್ನ ಕೈ ತಾನಾಗಿ ಕತ್ತಿನ ಹಿಂದೆ ಹೋಗಿ, ಕಾಲರ್ ಒಳಗೆ ತಡಕಿತು. ಅಲ್ಲಿ ಏನೂ ಇರಲಿಲ್ಲ. ಕಾಲರ್ ಸರಿಮಾಡಿಕೊಂಡು ಅಕ್ಷತೆ ಹಾಕಲು ಎದ್ದೆ.